ಯಜಮಾನಿಯ ನಾಲ್ಕನೇ ಕಾಲು

ನನ್ನ ದನಿ ನನಗೇ ಕೇಳಿಸುವುದಿಲ್ಲ ಎನ್ನುವುದು ನನ್ನ ಹಳೆಯ ಚಿಂತೆ. ಡೈರಿಯಲ್ಲಿ ನಾನು ಮಹಾ ಮಾತುಗಾತಿ. ನಾಲ್ಕು ಜನರೆದುರು ನಿಂತರೆ ಮಾತ್ರ, ಹೊಟ್ಟೆಯಲ್ಲಿ ಹುಟ್ಟಿದ ವಾಕ್ಯ ಗಂಟಲಿಗೆ ಬರುವಷ್ಟರಲ್ಲಿ ಅರ್ಧ ಸವೆದಿರುತ್ತದೆ. ಪದವಿ ಮುಗಿಸಿ ಪ್ರಾಣಿಸಂಗ್ರಹಾಲಯದ ಆನೆಮನೆಗೆ ಸೇರಿ ಎಂಟು ತಿಂಗಳಾಗಿತ್ತು. ಆನೆ ಎಷ್ಟು ತಿಂದಿತು, ಎಷ್ಟು ಲದ್ದಿ ಹಾಕಿತು, ಯಾವ ಉಗುರು ಬಿರುಕು ಬಿಟ್ಟಿದೆ ಎಂದು ಬರೆದಿಡುವ ಕೆಲಸ. ಲದ್ದಿಗೆ ಮಾತು ಬೇಕಾಗಿಲ್ಲ, ನಾವು ಹೊಂದಿಕೊಂಡಿದ್ದೆವು.

ಆ ಬೆಳಿಗ್ಗೆ ದೊಡ್ಡಪ್ಪನ ಗಂಟಲು ಕಟ್ಟಿತು. ದೊಡ್ಡಪ್ಪ ಎಂದರೆ ನಮ್ಮ ಹಿರಿಯ ಮಾವುತರು. ಇಲ್ಲಿ ಎಲ್ಲರೂ ಅವರನ್ನು ಕರೆಯುವುದೇ ಹಾಗೆ. ಬಂದ ಕುಟುಂಬಗಳಿಗೆ ಆನೆಮನೆಯ ಒಳಗನ್ನು ತೋರಿಸಿ ವಿವರಿಸುವುದು ಅವರ ಪಾಲಿನ ಕೆಲಸ.

ಮೇಲ್ವಿಚಾರಕಿ ನನ್ನ ಕಡೆ ತಿರುಗಿದರು. "ಇವತ್ತು ಕೈ ಅವರದು, ಬಾಯಿ ನಿಂದು. ಚೆನ್ನಾಗಿ ನಡೆಸಿದ್ರೆ ಮುಂದಿನ ವಾರದಿಂದ ಈ ಕೆಲಸ ನಿನಗೇ. ಇಲ್ಲಾಂದ್ರೆ ನಿನ್ನ ರಿಜಿಸ್ಟರ್ ಎಲ್ಲಿಗೂ ಓಡಿಹೋಗಲ್ಲ ಬಿಡು."

ನನಗೆ ಆ ಕೆಲಸ ಬೇಕಿತ್ತು. ಎಷ್ಟು ಬೇಕಿತ್ತೆಂದರೆ ಡೈರಿಗೂ ಹೇಳಿರಲಿಲ್ಲ.

ಬಂದವರು ನಾಲ್ವರು: ಒಬ್ಬ ಅಜ್ಜಿ, ಅವರ ಮಗಳು, ಅಳಿಯ, ಆರು ವರ್ಷದ ಮೊಮ್ಮಗಳು. ಮೊದಲು ಆನೆಯ ಅಡುಗೆಮನೆ. ಗೋಡೆಯುದ್ದಕ್ಕೂ ಹುಲ್ಲಿನ ಕಂತೆ, ನೆಲದ ಮೇಲೆ ಕಬ್ಬಿಣದ ತಕ್ಕಡಿ, ಮೇಜಿನ ಮೇಲೆ ಉದ್ದುದ್ದ ಸೀಳಿದ ಕ್ಯಾರೆಟ್. ಪುಟ್ಟಿ ಒಂದೇ ಒಂದು ಚೂರನ್ನು ಅಂಗೈಯಲ್ಲಿಟ್ಟುಕೊಂಡು, "ಇದು ಅದಕ್ಕೆ ಸಾಕಾ?" ಎಂದಳು.

"ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಾರಲ್ಲ, ಹಂಗಾಯ್ತು," ಎಂದರು ಅಜ್ಜಿ. "ನಿಮ್ಮಪ್ಪಂಗೆ ನಾನು ಬಡಿಸಿದ್ದೂ ಹಿಂಗೇ ಸಾಲ್ತಿರಲಿಲ್ಲ."

"ಅತ್ತೆ, ನಾನು ಎರಡನೇ ಸಲ ಹಾಕಿಸ್ಕೊಂಡಿದ್ದು ನಿಮ್ಮ ಮನಸ್ಸು ನೋಯಬಾರ್ದು ಅಂತ," ಎಂದ ಅಳಿಯ.

"ಮೂರನೇ ಸಲ?"

"ಅದು ನನ್ನ ಮನಸ್ಸಿಗೆ."

ನಾನೂ ನಕ್ಕೆ. ನಗುವಿನ ಹಿಂದೆಯೇ ಮಾತೂ ಹೊರಬಂತು. ದಿನಕ್ಕೆ ನೂರು ಕಿಲೋ ಲದ್ದಿ ಎಂದಾಗ ಮಗಳು ಮೂಗು ಮುಚ್ಚಿಕೊಂಡೇ ಮೂರು ಪ್ರಶ್ನೆ ಕೇಳಿದರು, ಮೂರಕ್ಕೂ ಉತ್ತರಿಸಿದೆ. ಪರವಾಗಿಲ್ಲವೇ ನೀನು, ಎಂದು ನನಗೆ ನಾನೇ ಹೇಳಿಕೊಂಡೆ.

ಆಮೇಲೆ ಕಾಲು ತೊಳೆಯುವ ಜಾಗ. ದಪ್ಪ ಕಂಬಿಗಳ ಆಚೆ ಯಜಮಾನಿ ನಿಂತಿದ್ದಳು. ನಲವತ್ತು ದಾಟಿದ ಹೆಣ್ಣಾನೆ, ನಾವೆಲ್ಲ ಅವಳ ಆಳುಗಳು, ಆದ್ದರಿಂದ ಆ ಹೆಸರು. ಒಂದೊಂದೇ ಕಾಲನ್ನು ಕಂಬಿಯ ಕಿಂಡಿಯಲ್ಲಿಡುತ್ತಾಳೆ. ದೊಡ್ಡಪ್ಪ ಉಜ್ಜಿ, ಉಗುರು ತೀಡಿ, ಔಷಧಿ ಹಚ್ಚುತ್ತಾರೆ. "ಬಲವಂತ ಇಲ್ಲ," ಎಂದೆ ನಾನು. "ಇಷ್ಟ ಇದ್ರೆ ನಿಲ್ತಾಳೆ, ಇಲ್ಲಾಂದ್ರೆ ಹೋಗ್ತಾಳೆ. ಹೋದ್ಮೇಲೆ ಯಾರೂ ಕರೆಯೋ ಹಂಗಿಲ್ಲ."

ಒಂದು ಮಾತು ಮಾತ್ರ ಬಿಟ್ಟೆ. ನಾಲ್ಕೂ ಕಾಲು ಮುಗಿದ ಮೇಲೆ ದೊಡ್ಡಪ್ಪ ನೀರಿನ ಬಕೆಟ್ಟನ್ನು ಬೋರಲು ಹಾಕುತ್ತಾರೆ. ಹತ್ತು ವರ್ಷದಿಂದ ಅದೇ ಪದ್ಧತಿ. ಬಕೆಟ್ ಬೋರಲಾಯಿತೆಂದರೆ ಯಜಮಾನಿಯ ಪಾಲಿಗೆ ಶಾಲೆ ಬಿಟ್ಟ ಗಂಟೆ. ಕೊನೆಗೆ ಹೇಳಿದರಾಯಿತು, ಮಕ್ಕಳಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ.

ಮೂರು ಕಾಲು ಮುಗಿದವು. ದೊಡ್ಡಪ್ಪ ಔಷಧಿಯ ಡಬ್ಬಿ ತರಲು ಕಪಾಟಿನ ಕಡೆ ನಡೆದರು. ನಾಲ್ಕನೆಯ ಕಾಲಿನಲ್ಲೇ ಬಿರುಕುಬಿಟ್ಟ ಉಗುರು ಇದ್ದದ್ದು. ಅಜ್ಜಿಗೆ ಮಂಡಿನೋವು. ಸುತ್ತ ಕುರ್ಚಿ ಹುಡುಕಿದರು, ನಲ್ಲಿಯ ಬಳಿಯ ಖಾಲಿ ಬಕೆಟ್ಟನ್ನು ಎಳೆದುಕೊಂಡರು. ನಾನು ನೋಡಿದೆ. ಬೋರಲು ಹಾಕುತ್ತಿದ್ದಾರೆ ಎಂದು ತಿಳಿಯಿತು. ಬೇಡ ಎನ್ನಲು ಬಾಯಿ ತೆರೆದೆ. ಹೇಗೆ ಹೇಳಲಿ, ಅಷ್ಟು ಹಿರಿಯರಿಗೆ, ನೋವಿನಲ್ಲಿ ಕೂರುತ್ತಿರುವವರಿಗೆ? ನಾನು ವಾಕ್ಯ ಹುಡುಕುವಷ್ಟರಲ್ಲಿ ಅವರು "ಉಸ್ಸಪ್ಪಾ" ಎಂದು ಕೂತಾಗಿತ್ತು.

ಯಜಮಾನಿ ಎತ್ತಿದ ಕಾಲನ್ನು ಕೆಳಗಿಟ್ಟಳು. ಅದೇ ಹೊತ್ತಿಗೆ ಹುಲ್ಲಿನ ಧೂಳಿಗೆ ಪುಟ್ಟಿ ಸೀನಿದಳು. ಆನೆ ತಿರುಗಿ, ಬಾಲ ಆಡಿಸುತ್ತ, ರಜೆ ಸಿಕ್ಕವರ ಗತ್ತಿನಲ್ಲಿ ಅಂಗಳಕ್ಕೆ ನಡೆದುಬಿಟ್ಟಿತು.

"ನೋಡ್ದಾ, ನಿನ್ನ ಸೀನಿಗೆ ಆನೇನೇ ಓಡ್ತು," ಎಂದ ಅಳಿಯ.

"ನಿಮಗೆ ಯಾವಾಗ್ಲೂ ತಮಾಷೆ," ಎಂದರು ಮಗಳು.

ಪುಟ್ಟಿಗೆ ಅದು ತಮಾಷೆಯಾಗಿರಲಿಲ್ಲ. ಎರಡೂ ಕೈಯಿಂದ ಮೂಗು ಹಿಡಿದುಕೊಂಡು ನಿಂತಳು.

ಮೇಲ್ವಿಚಾರಕಿ ಒಳಗೆ ಬಂದವರೇ ಕಂಬಿಯಾಚೆ ಇಣುಕಿದರು. "ಇನ್ನೂ ಒಂದು ಕಾಲಿಗೆ ಔಷಧಿ ಹಚ್ಚಿಲ್ವಲ್ಲ. ಯಾಕೆ ಹೋದ್ಲು?"

ದೊಡ್ಡಪ್ಪ ಡಬ್ಬಿ ಹಿಡಿದು ಬಂದು ಬಕೆಟ್ ನೋಡಿದರು, ನನ್ನನ್ನು ನೋಡಿದರು. ಮಾತಿಲ್ಲದ ಆ ಪುಣ್ಯಾತ್ಮರು ಮೇಲ್ವಿಚಾರಕಿಯ ಬೆನ್ನ ಹಿಂದಿನಿಂದಲೇ ಕೈ ಬೀಸಿ ಗಾಳಿ ಹಾಕಿಕೊಂಡು, ಸೆಕೆ ಅನ್ನು, ಎಂದು ನನಗೆ ದಾರಿ ತೋರಿಸಿದರು. ಒಳ್ಳೆಯ ಸುಳ್ಳು. ನನ್ನ ಬಾಯಿಗೂ ಸಲೀಸಾಗಿ ಹತ್ತುತ್ತಿತ್ತು, ಎರಡೇ ಅಕ್ಷರ.

"ಸೆಕೆಗಿರಬೇಕು ಅಲ್ವಾ?" ಎಂದು ಅಳಿಯ ಕೂಡ ಸಹಾಯಕ್ಕೆ ಬಂದ.

"ಅಲ್ಲ, ನಾನು ಸೀನಿದ್ದಕ್ಕೆ," ಎಂದಳು ಪುಟ್ಟಿ, ಮೂಗು ಹಿಡಿದ ದನಿಯಲ್ಲಿ. "ನಾನಿನ್ಮೇಲೆ ಸೀನೋದೇ ಇಲ್ಲ. ಅದರ ಕಾಲು ವಾಸಿ ಆಗೋ ತನಕ." ಉಸಿರು ಬಿಗಿಹಿಡಿದು ಅವಳ ಕೆನ್ನೆ ಕೆಂಪಾಗಿತ್ತು.

ಮುಂದಿನ ವಾರದ ಕೆಲಸ ಕಣ್ಣೆದುರಿಗೇ ಕೈಬಿಟ್ಟು ಹೋಗುತ್ತಿರುವುದು ಕಾಣಿಸಿತು. ಆದರೂ ಅವಳ ಮುಂದೆ ಮಂಡಿಯೂರಿ, ಅವಳ ಕೈಗಳನ್ನು ಮೂಗಿನಿಂದ ಬಿಡಿಸಿದೆ. ಆಮೇಲೆ ನನ್ನ ದನಿ ಕಂಬಿಗೆ ತಾಗಿ ವಾಪಸ್ ಬಂದದ್ದು ನನಗೇ ಕೇಳಿಸಿತು.

"ನೀನು ಸೀನಿದ್ದಕ್ಕಲ್ಲ ಪುಟ್ಟಿ, ಸೆಕೆಗೂ ಅಲ್ಲ. ಬಕೆಟ್ ಬೋರಲಾದ್ರೆ ಅವಳಿಗೆ ಕೆಲಸ ಮುಗೀತು ಅಂತ ಲೆಕ್ಕ. ಅಜ್ಜಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ನೋಡ್ತಾನೂ ಇದ್ದೆ. ಬೇಡ ಅನ್ನೋಕೆ ನಾಚಿಕೆ ಆಗಿ ಸುಮ್ಮನೆ ನಿಂತ್ಬಿಟ್ಟೆ."