ಮಾಗಿಯವಳು

ಬನಶಂಕರಿ ಎರಡನೇ ಹಂತದ ಆ ಮನೆಯಲ್ಲಿ ದೆವ್ವವನ್ನು ನಂಬುವವರು ಯಾರೂ ಇರಲಿಲ್ಲ. ಯಜಮಾನ ಬಸವಪ್ರಸಾದರಂತೂ ಗ್ರಹಣದ ಹೊತ್ತಿನಲ್ಲೇ ಹೊಟ್ಟೆ ತುಂಬ ಉಂಡು ಎಲೆಯಡಿಕೆ ಹಾಕುವ ಆಸಾಮಿ. ಆದರೆ ದೀಪಾವಳಿ ಕಳೆದು ಸೊಗಡಿನ ಅವರೆಕಾಯಿಯ ಗಾಡಿ ಬೀದಿಗೆ ಬಂತೆಂದರೆ ಹಿಂದಿನ ಕೋಣೆಯ ಕಿಟಕಿ ಮುಚ್ಚುತ್ತಿತ್ತು. ಶಿವರಾತ್ರಿಯವರೆಗೆ ಅದನ್ನು ಯಾರೂ ತೆರೆಯುತ್ತಿರಲಿಲ್ಲ. ಬಸವಪ್ರಸಾದರ ಅತ್ತೆ ರೇಣುಕವ್ವ ಹೇಳುವಂತೆ ಮಾಗಿಯವಳು ದೆವ್ವವೇ ಅಲ್ಲ. ದೆವ್ವವಾದರೆ ಮಂತ್ರಕ್ಕೆ ಬಗ್ಗುತ್ತದೆ. ಇವಳು ಚಳಿಯ ಜೊತೆ ಬರುತ್ತಾಳೆ, ಚಳಿಯ ಜೊತೆ ಹೋಗುತ್ತಾಳೆ, ಹೋಗುವಾಗ ಒಮ್ಮೊಮ್ಮೆ ಒಬ್ಬರನ್ನು ಕರೆದುಕೊಂಡು ಹೋಗುತ್ತಾಳೆ, ಅಷ್ಟೆ.

ಆ ಕೋಣೆಯಿಂದ ಮೊದಲು ಹೋದವಳು ರೇಣುಕವ್ವನ ಹಿರಿಯ ಮಗಳು ಕಮಲಾದೇವಿ, ಚೊಚ್ಚಲ ಬಾಣಂತಿ. ಕಿರಿಯವಳಾದ ಜಯದೇವಿ ಆಗ ಲಂಗ ಉಡುವ ಹುಡುಗಿ. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕಣ್ಣಾರೆ ಕಂಡಿದ್ದಳು. ವಾರಗಟ್ಟಲೆ ಮಲಗಿದ್ದ ಅಕ್ಕ ಒಂದು ಬೆಳಗ್ಗೆ ಎದ್ದು ನೆಲಕ್ಕೆ ಕಾಲೂರಿದಳು, ಎದೆಗೆ ಕೈ ಇಟ್ಟುಕೊಂಡು, "ಯಾರೋ ಎದೆ ಮೇಲೆ ಕೂತ್ರು" ಅಂದಳು, ಬಿದ್ದಳು. ಮುಂದೆ ಇನ್ನೊಂದು ಚಳಿಗಾಲದಲ್ಲಿ ಸೊಂಟ ಮುರಿದುಕೊಂಡು ಅದೇ ಕೋಣೆಯಲ್ಲಿ ಮಲಗಿದ್ದ ಸೋದರಮಾವ ಸಿದ್ದಾರೂಢ ಬಚ್ಚಲಿಗೆಂದು ಎದ್ದವನು ಹೊಸ್ತಿಲನ್ನೂ ದಾಟಲಿಲ್ಲ. ಎರಡು ಸಾವು ಸೇರಿ ಮನೆಗೊಂದು ಕಟ್ಟಳೆಯಾಯಿತು: ಮಾಗಿಯಲ್ಲಿ ಹಾಸಿಗೆ ಹಿಡಿದವರನ್ನು ಎಬ್ಬಿಸಬಾರದು. ಮಲಗಿದವರು ಅವಳ ಕಣ್ಣಿಗೆ ಬೀಳುವುದಿಲ್ಲ. ಎದ್ದವರ ಎದೆಯೇ ಅವಳಿಗೆ ಮಣೆ.

ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತು ಎಂದು ಬಸವಪ್ರಸಾದರು ಹೆಂಡತಿ ಜಯದೇವಿಯನ್ನು ಛೇಡಿಸುತ್ತಿದ್ದರು. ಛೇಡಿಸಲಿ ಪಾಪ, ಅವರೇನು ಆ ಬಾಗಿಲಲ್ಲಿ ನಿಂತವರೇ? ಎರಡೆರಡು ಸಲ ಟೊಂಗೆ ಮುರಿದ ಮನೆಯಲ್ಲಿ ಬೆಳೆದ ಜಯದೇವಿಗೆ ಕಾಗೆ ಕಂಡರೆ ಜೀವ ಹಾರುತ್ತಿತ್ತು.

ಈ ವರ್ಷ ಮಗಳು ಲಿಖಿತಾ ಹೆರಿಗೆಗೆ ತವರಿಗೆ ಬಂದಳು. ಬೇಡಬೇಡವೆಂದರೂ ದಿನ ತುಂಬಿದ್ದು ಮಾರ್ಗಶಿರದಲ್ಲೇ. ಆಪರೇಷನ್ ಮಾಡಿ ಹೆಣ್ಣುಮಗುವನ್ನು ಕೈಗೆ ಕೊಟ್ಟರು. ಮನೆಗೆ ಕಳಿಸುವಾಗ ಡಾಕ್ಟರ್ ಅಂಜನಾ, ಚೆನ್ನಾಗಿ ನೀರು ಕುಡಿಸಿ, ಮನೆಯೊಳಗೇ ದಿನವೂ ನಡೆದಾಡಿಸಿ ಎಂದು ಹೇಳಿಯೇ ಕಳಿಸಿದ್ದರು. ಜಯದೇವಿ ತಲೆಯಾಡಿಸಿದ್ದಳು. ತಲೆಯಾಡಿಸುವುದಕ್ಕೇನು, ಕೋಲೆಬಸವನೂ ಆಡಿಸುತ್ತದೆ.

ಹಿಂದಿನ ಕೋಣೆಯಲ್ಲಿ ಬಾಣಂತನ ಶುರುವಾಯಿತು. ಕಿವಿಗೆ ಹತ್ತಿ, ತಲೆಗೆ ಉಣ್ಣೆಯ ಬಟ್ಟೆ, ಕುತ್ತಿಗೆವರೆಗೆ ರಗ್ಗು. ಬಾಣಂತಿ ನೀರು ಕುಡಿದರೆ ಹೊಟ್ಟೆ ಜೋತುಬೀಳುತ್ತದೆ ಎಂದು ಬಾಯಾರಿದಾಗ ಒಂದೊಂದೇ ಗುಟುಕು ಬಿಸಿನೀರು. ಹೊಸ್ತಿಲಿನ ಆಚೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಹಣೆ ತುಂಬ ವಿಭೂತಿ ಬಳಿದುಕೊಂಡು, ರೇಣುಕವ್ವ ಕಾವಲಿಗೆ ಕೂತಳು. ಲಿಖಿತಾ ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಅಜ್ಜಿಯ ಕಟ್ಟಳೆ ಕೇಳಿ ಮೊದಮೊದಲು ನಕ್ಕಳು. ಹೊಲಿಗೆ ನೋಯುತ್ತಿದ್ದುದರಿಂದ ಮಲಗಿರುವುದೂ ಹಿತವಾಗಿಯೇ ಇತ್ತು. ದಿನ ಕಳೆದಂತೆ ಅವಳ ನಗು ನಿಂತಿತು. ಮಾತನಾಡುವಾಗ ನಡುನಡುವೆ ಮುಚ್ಚಿದ ಕಿಟಕಿಯ ಕಡೆ ನೋಡತೊಡಗಿದಳು.

ಜಯದೇವಿಗೂ ಅದು ಗೊತ್ತಾಗುತ್ತಿತ್ತು. ಸಾಂಬ್ರಾಣಿ ಹಾಕಿದರೆ ಹೊಗೆ ಮೇಲೇರದೆ ಹಾಸಿಗೆಯ ಮೇಲೇ ಕವುಚಿ ಮಲಗುತ್ತಿತ್ತು. ಮಗು ಹಾಲು ಕುಡಿಯುವುದನ್ನು ಬಿಟ್ಟು ತಾಯಿಯ ಕಾಲ ಬಳಿ ಯಾರೋ ಕೂತಿರುವಂತೆ ಆ ಕಡೆಗೇ ನೋಡುತ್ತಿತ್ತು. ಹಸುಗೂಸಿನ ಕಣ್ಣು ಎತ್ತಲೋ ನೋಡುವುದು ಸಹಜ ಎಂದು ಜಯದೇವಿ ತನಗೆ ತಾನೇ ಹೇಳಿಕೊಂಡಳು. ಆದರೂ ಆ ಕಡೆ ಹೋಗುವಾಗ ಸೀರೆಯನ್ನು ಒತ್ತಿಹಿಡಿದು ದೂರದಿಂದಲೇ ಸುತ್ತಿ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಲಿಖಿತಾ ಮೆಲ್ಲಗೆ ಹೇಳಿದಳು. "ಅಮ್ಮಾ, ರಗ್ಗಿನ ಒಳಗೆ ಯಾರೋ ನನ್ನ ಕಾಲು ಹಿಡ್ಕೊಂಡಂಗಿದೆ."

ಜಯದೇವಿಯ ಕೈಯಲ್ಲಿ ಬೆಚ್ಚಗಿನ ಹರಳೆಣ್ಣೆಯ ಬಟ್ಟಲಿತ್ತು. ರಗ್ಗು ಸರಿಸಿದಳು. ಯಾರೂ ಇರಲಿಲ್ಲ. ಬಲಗಾಲು ಎಂದಿನಂತಿತ್ತು. ಎಡಗಾಲಿನ ಮೀನಖಂಡ ಮಾತ್ರ ಊದಿ, ಕೆಂಪಾಗಿ, ಬಿಗಿದು ಹೊಳೆಯುತ್ತಿತ್ತು. ಮುಟ್ಟಿದರೆ ಆಗತಾನೆ ಒಲೆಯಿಂದ ಇಳಿಸಿದ ಪಾತ್ರೆಯ ಬಿಸಿ. ಬೆಳ್ಳಿಯ ಕಾಲ್ಚೈನು ಚರ್ಮದೊಳಗೆ ಹೂತುಹೋಗಿತ್ತು. ಒಂದು ಬೆರಳು ತೂರಿಸಲೂ ಸಂದಿಯಿರಲಿಲ್ಲ.

ಎಣ್ಣೆ ಹಚ್ಚಿ ಗಟ್ಟಿಯಾಗಿ ನೀವಿದರೆ ಇಳಿದೀತೆಂದು ಅವಳು ಅಂಗೈಗೆ ಎಣ್ಣೆ ಸುರಿದುಕೊಳ್ಳುವಷ್ಟರಲ್ಲಿ, ಹೊಸ್ತಿಲಿನ ಆಚೆಯಿಂದ ರೇಣುಕವ್ವ ಕಾಲನ್ನು ನೋಡಿ, ಏನೂ ವಿಶೇಷವಿಲ್ಲದ ದನಿಯಲ್ಲಿ ಹೇಳಿದಳು. "ಕಮಲೀಗೂ ಹಂಗೇ ಆಗಿತ್ತು. ಅದೇ ಎಡಗಾಲು. ಅಕ್ಕಸಾಲಿನ ಕರೆಸಿ ಚೈನು ಕತ್ತರಿಸಿ ತೆಗೆಸಿದ್ವಿ. ಗಟ್ಟಿಯಾಗಿ ಹಿಡಕೊ, ಏಳಗೊಡಬ್ಯಾಡ."

ಜಯದೇವಿಯ ಎಣ್ಣೆಗೈ ಕಾಲನ್ನು ಮುಟ್ಟದೆ ನಿಂತಿತು. ಇಷ್ಟು ವರ್ಷ ಈ ಮಾತನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಕಮಲಕ್ಕ ಎದ್ದಮೇಲೆ ಮಾಗಿಯವಳು ಬಂದಳೆಂದೇ ಅವಳು ತಿಳಿದಿದ್ದಳು. ಅಕ್ಕನ ಕಾಲು ಊದಿದ್ದು ಏಳುವುದಕ್ಕೂ ಮೊದಲೇ, ಮಲಗಿದ್ದಾಗಲೇ. ಹಾಗಾದರೆ ಮಾಗಿಯವಳು ಕಿಟಕಿಯಿಂದ ಬರುವವಳಲ್ಲ. ಮಲಗಿದವರ ಪಕ್ಕದಲ್ಲೇ ಮಲಗಿ, ಕಾಲಿನಿಂದ ಮೇಲಕ್ಕೆ ಏರುತ್ತಾಳೆ. ಬೇಡದವಳನ್ನು ಹೊರಗಿಟ್ಟೆವೆಂದು ಚಿಲಕ ಹಾಕಿ, ಜಯದೇವಿ ತಾನೇ ಅವಳನ್ನು ಮಗಳ ಜೊತೆ ಒಂದೇ ರಗ್ಗಿನೊಳಗೆ ಹೊದಿಸಿ ಮಲಗಿಸಿದ್ದಳು.

ಅಷ್ಟರಲ್ಲಿ ಲಿಖಿತಾ ಇನ್ನೊಂದು ಮಾತು ಹೇಳಿದಳು, ಉಸಿರನ್ನು ಪೂರ್ತಿ ಎಳೆದುಕೊಳ್ಳಲು ಆಗುತ್ತಿಲ್ಲವೆಂದು. ಅವಳು ಮಲಗಿಯೇ ಇದ್ದಳು.

ಜಯದೇವಿ ಎಣ್ಣೆಗೈಯಲ್ಲೇ ಫೋನು ಮಾಡಿದಳು. ಕಾಲನ್ನು ತಿಕ್ಕಬೇಡಿ, ನೀವಲೇಬೇಡಿ, ಆಂಬುಲೆನ್ಸ್ ಕಳಿಸುತ್ತೇನೆ, ತಕ್ಷಣ ಕರೆತನ್ನಿ ಎಂದರು ಅಂಜನಾ. ರೇಣುಕವ್ವ ಕುರ್ಚಿ ಬಿಟ್ಟೆದ್ದು ಬಾಗಿಲಿಗೆ ಅಡ್ಡ ನಿಂತಳು. ಗಾಳಿ ಬೀಸಿದರೆ ಬೀಳುವ ಮುದುಕಿ, ಆದರೆ ಎರಡು ಕೈಯಿಂದಲೂ ಬಾಗಿಲಿನ ಚೌಕಟ್ಟನ್ನು ಹಿಡಿದು ಅಲುಗದೆ ನಿಂತಳು. ಎಬ್ಬಿಸಿದರೆ ಮಗಳು ಉಳಿಯುವುದಿಲ್ಲ, ನೀನೂ ಕಣ್ಣಾರೆ ನೋಡಿದವಳಲ್ಲವೇ ಎಂದು ಕೇಳಿದಳು. ನೋಡಿದ್ದಳು ನಿಜ. ಅದಕ್ಕೇ ಅವ್ವನ ಕೈ ಬಿಡಿಸಲು ಜಯದೇವಿ ಮುಂದಾಗಲಿಲ್ಲ. ಕೊನೆಗೆ ಹಾವೂ ಸಾಯದ, ಕೋಲೂ ಮುರಿಯದ ದಾರಿ ತಾನಾಗಿಯೇ ಬಂತು: ಆಂಬುಲೆನ್ಸಿನವರು ಸ್ಟ್ರೆಚರ್ ತಂದರು. ಲಿಖಿತಾಳನ್ನು ಮಲಗಿದಂತೆಯೇ ಎತ್ತಿದರು. ಎಬ್ಬಿಸಲಿಲ್ಲವೆಂದು ಕಂಡಮೇಲೆ ರೇಣುಕವ್ವ ಚೌಕಟ್ಟು ಬಿಟ್ಟಳು.

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ಚೂರುಗಳು ಆಗಲೇ ಶ್ವಾಸಕೋಶ ಸೇರಿದ್ದವು. ನೀವಿದ್ದರೆ ಉಳಿದದ್ದೂ ಕಿತ್ತುಕೊಂಡು ಹೋಗಬಹುದಿತ್ತಂತೆ. ಇಂಜೆಕ್ಷನ್ ಶುರುಮಾಡಿದರು. ಐಸಿಯುವಿನ ಹೊರಗೆ ಅಂಜನಾ ಎಲ್ಲವನ್ನೂ ಬಿಡಿಸಿ ಹೇಳಿ, ಕೊನೆಗೆ ಸುಸ್ತಾದ ದನಿಯಲ್ಲಿ ಒಂದು ಮಾತು ಸೇರಿಸಿದರು.

"ಚಳಿ ಬಿತ್ತು ಅಂದ್ರೆ ನಮ್ಮಲ್ಲಿ ಇಂಥ ಕೇಸ್ ಜಾಸ್ತಿ ಬರ್ತವೆ ಮೇಡಂ. ಯಾಕೆ ಅಂತ ಪೂರ್ತಿ ಗೊತ್ತಿಲ್ಲ. ಜನ ಓಡಾಡಲ್ಲ, ನೀರು ಕುಡಿಯಲ್ಲ, ಚಳಿಗೆ ರಕ್ತಾನೂ ಮಂದ ಆಗುತ್ತೆ ಅಂತಾರೆ. ಬೇಸಿಗೆ ಬಂದ್ರೆ ಕಮ್ಮಿ ಆಗುತ್ತೆ."

ಜಯದೇವಿ ಗೋಡೆಗೆ ಒರಗಿದಳು. ಹಾಗಾದರೆ ಇವರಿಗೂ ಅವಳು ಗೊತ್ತು, ಹೆಸರೊಂದು ಗೊತ್ತಿಲ್ಲ ಅಷ್ಟೆ.

ಔಷಧಿ ಹಿಡಿದು ವಾರ್ಡಿಗೆ ಬಂದಮೇಲೆ ನರ್ಸ್ ಲಿಖಿತಾಳನ್ನು ಎಬ್ಬಿಸಲು ಬಂದಳು. ಡಾಕ್ಟರ್ ನಡೆಸಲು ಹೇಳಿದ್ದರು. ಬೆಳಗಿನ ಹೊತ್ತು, ಹೊರಗೆ ಮಂಜು. ಲಿಖಿತಾ ಎದ್ದಳು, ನೆಲಕ್ಕೆ ಕಾಲೂರಿದಳು. ಒಂದು ಹೆಜ್ಜೆ ಇಟ್ಟವಳು ನಿಂತುಬಿಟ್ಟಳು. ಅವಳ ಕೈ ಎದೆಗೆ ಹೋಯಿತು. ನೈಟಿ ತೊಟ್ಟು ನಿಂತ ಮಗಳ ಮುಖದಲ್ಲಿ ಕಮಲಕ್ಕನ ಮುಖ ಎದ್ದುಬಂದು ಜಯದೇವಿಯನ್ನೇ ನೋಡುತ್ತಿತ್ತು.

"ಅಮ್ಮಾ," ಅಂದಳು ಲಿಖಿತಾ, ಎದೆಯ ಮೇಲಿನ ಟವಲನ್ನು ಸರಿಮಾಡಿಕೊಳ್ಳುತ್ತ. "ನೀರು ಕೊಡಮ್ಮ."

ಲೋಟ ತುಂಬಿಸುವಾಗ ಜಯದೇವಿಗೆ ನೆನಪಾಯಿತು. ಕಮಲಕ್ಕನೂ ನೀರು ಕೇಳಿದ್ದಳು. ದಿನವೂ ಕೇಳುತ್ತಿದ್ದಳು. ಹಿತ್ತಲವರೆಗಾದರೂ ಹೋಗಿ ಬರುತ್ತೇನವ್ವ ಎಂದು ಏಳಹೋದಾಗಲೆಲ್ಲ ಅವ್ವ ಎರಡೂ ಭುಜ ಹಿಡಿದು, ಮುದ್ದುಮಾಡಿ, ಹಾಸಿಗೆಗೆ ಒತ್ತಿ ಮಲಗಿಸುತ್ತಿದ್ದಳು. ಲಿಖಿತಾ ಲೋಟವನ್ನು ಬರಿದು ಮಾಡಿ ಇನ್ನೊಂದು ಕೇಳಿದಳು. ಆಮೇಲೆ ವಾರ್ಡಿನ ಕೊನೆಯವರೆಗೂ ನಡೆದು ಬಂದಳು. ಜಯದೇವಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಅವತ್ತು ಮಧ್ಯಾಹ್ನ ಬಟ್ಟೆಬರೆ ತರಲು ಮನೆಗೆ ಬಂದಾಗ, ಖಾಲಿ ಕೋಣೆಯ ಮುಂದೆ ರೇಣುಕವ್ವ ಅದೇ ಕುರ್ಚಿಯಲ್ಲಿ ಕೂತಿದ್ದಳು. ಜಯದೇವಿ ಅವಳನ್ನು ದಾಟಿ ಒಳಗೆ ಹೋಗಿ ಕಿಟಕಿಯ ಚಿಲಕ ತೆಗೆದಳು. ಚಳಿ ಒಳಗೆ ಬಂತು, ಅದರ ಹಿಂದೆ ಬೀದಿಯ ಅವರೆಕಾಯಿಯ ಸೊಗಡೂ ಬಂತು. ಇನ್ಯಾರೂ ಬರಲಿಲ್ಲ.

"ಎದ್ದಳಾ?" ಎಂದು ಕೇಳಿದಳು ರೇಣುಕವ್ವ.

"ಎದ್ದಳವ್ವ. ನಡೆದಳು. ನೀರು ಕುಡಿದಳು."

ರೇಣುಕವ್ವ ಆ ಹಾಸಿಗೆಯನ್ನೇ ನೋಡಿದಳು. ಆಮೇಲೆ ಕೇಳಿದಳು. "ಹಂಗಾರೆ ಕಮಲೀನೂ ನಡೀತಿದ್ದಳೇನೇ?"

ಜಯದೇವಿ ಬಟ್ಟೆ ಮಡಚುತ್ತ ತಲೆಯೆತ್ತಲಿಲ್ಲ. "ಇಲ್ಲವ್ವ. ಆಗ ಈ ಇಂಜೆಕ್ಷನ್ ಎಲ್ಲಿತ್ತು," ಅಂದಳು.

ರೇಣುಕವ್ವ ತೊಡೆಯ ಮೇಲಿದ್ದ ತನ್ನ ಎರಡು ಕೈಗಳನ್ನು, ಯಾರದೋ ಕೈಗಳೆಂಬಂತೆ, ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಅವನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.