ಎರಡು ಅವಲಕ್ಕಿ

ಐರ್ಲೆಂಡಿನ ಸ್ವೋರ್ಡ್ಸ್ ಎಂಬ ಊರಿನಲ್ಲಿ ನಮ್ಮ ಮನೆಯ ಹಿಂದಿನ ಪಾರ್ಕಿನಲ್ಲಿ ಒಬ್ಬ ಐರಿಷ್ ಹುಡುಗ ಇನ್ನೊಬ್ಬನಿಗೆ "ಎರಡು ಅವಲಾಕಿ" ಎಂದ. ನಾನು ಪಕ್ಕದ ಬೆಂಚಿನಲ್ಲಿ ಕುಳಿತಿದ್ದೆ. ಓದಿದ್ದು ಮೂರನೇ ಕ್ಲಾಸು. ಮೈಸೂರಿನ ಹೋಟೆಲೊಂದರಲ್ಲಿ ಮೂವತ್ತೆರಡು ವರ್ಷ ಸಪ್ಲೈಯರ್ ಆಗಿದ್ದೆ. ಆರ್ಡರು ಬರೆದುಕೊಂಡವನಲ್ಲ, ಮರೆತವನೂ ಅಲ್ಲ. ತಪ್ಪಾಗಿ ಕೇಳಿಸಿತೆಂದು ಸುಮ್ಮನಾಗಲು ಆಗಲಿಲ್ಲ.

ಆ ಬೀದಿಯಲ್ಲಿ ಕನ್ನಡದ ಮನೆ ನಮ್ಮದೊಂದೇ. ಮಗಳು ರಜನಿ ಆಸ್ಪತ್ರೆಯಲ್ಲಿ ಡಾಕ್ಟರು. ಅಳಿಯ ದೂರದ ಲಿಟಲ್ ಐಲ್ಯಾಂಡ್ ಎಂಬ ಊರಿನ ಕೆಲಸದಿಂದ ಬರುವುದು ಶುಕ್ರವಾರವೇ. ಉಳಿದವಳು ಮೊಮ್ಮಗಳು ಪ್ರೇರಣಾ, ಹದಿನೈದು ವರ್ಷ. ಕನ್ನಡದಲ್ಲಿ ಏನು ಕೇಳಿದರೂ "ಗ್ರ್ಯಾಂಡ್, ತಾತ", ಅಂದರೆ ಇಲ್ಲಿಯವರ ಮಾತಿನಲ್ಲಿ ಎಲ್ಲ ಚೆನ್ನಾಗಿದೆ, ಎಂದು ಮೆಟ್ಟಿಲು ಹತ್ತಿಬಿಡುತ್ತಾಳೆ.

ಆ ಹುಡುಗರನ್ನು ನೋಡತೊಡಗಿದೆ. ಮೀಸೆ ಮೂಡದವರು. ಬಾಯಲ್ಲಿ ಸದಾ ಸಿಗರೇಟಿನ ಬದಲು ಸೇದುವ, ಪೆನ್ನಿನಂಥ ವೇಪ್. ಎಳೆದ ಮೇಲೆ ಕಣ್ಣು ನಿಲ್ಲುತ್ತಿರಲಿಲ್ಲ. ಒಂದು ದಿನ ಬಸ್ ಸ್ಟಾಪಿನ ಗಾಜು ಒಡೆದರು. ಇನ್ನೊಂದು ದಿನ ಪಕ್ಕದ ಮನೆಯ ಮುದುಕಿಯ ಕೈಚೀಲ ಕಿತ್ತುಕೊಂಡು ಓಡಿದರು. ಸೇದಿದ್ದರಿಂದ ಕದಿಯುತ್ತಾರೋ, ಸೇದುವುದಕ್ಕಾಗಿ ಕದಿಯುತ್ತಾರೋ ನನಗೆ ತಿಳಿಯಲಿಲ್ಲ. ಅವರ ಬಾಯಿಗೆ ಅವಲಕ್ಕಿ ಹಾಕಿದವರು ಯಾರು ಎಂಬುದಷ್ಟೇ ತಲೆಯಲ್ಲಿ ಕೊರೆಯುತ್ತಿತ್ತು.

ಒಂದು ಸಂಜೆ ಊಟಕ್ಕೆ ಕುಳಿತಾಗ ದನಿ ಏರಿಸದೆ ಕೇಳಿದೆ.

"ಪ್ರೇರಣಾ, ಎರಡು ಅವಲಕ್ಕಿ ಹೇಳ್ಲಾ?"

ರಜನಿ ನಕ್ಕಳು. "ಅಪ್ಪ, ನೀವಿನ್ನೂ ಹೋಟೆಲಲ್ಲೇ ಇದ್ದೀರ."

ಪ್ರೇರಣಾ ನಗಲಿಲ್ಲ. ತುತ್ತು ಹಿಡಿದ ಕೈ ತಟ್ಟೆಯ ಮೇಲೇ ನಿಂತಿತು.

ಮರುದಿನ ಅವಳು ಶಾಲೆಯಿಂದ ಬಂದಾಗ ರೂಮಿನ ಬಾಗಿಲಲ್ಲಿ ನಿಂತೆ. ಕೂಗಾಡಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ಕೊನೆಗೆ ಅವಳೇ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ವೇಪಿನೊಳಗೆ ಗಾಂಜಾದ ಎಣ್ಣೆಯಂತೆ. ಕಿಲಿಯನ್ ಎಂಬ ಹುಡುಗ ಮೊದಲು ಒಂದು ದಮ್ಮು ಎಳೆಯಲು ಕೊಟ್ಟನಂತೆ. ಆಮೇಲೆ ಅವಳೇ ಕೇಳಿದಳಂತೆ. ಡಾಕ್ಟರ ಮಗಳ ಬ್ಯಾಗನ್ನು ಯಾರೂ ತೆರೆಯುವುದಿಲ್ಲ ಎಂದು ಮಾಲನ್ನು ಇವಳ ಕೈಲಿ ಹೊರಿಸತೊಡಗಿದನಂತೆ. ಯಾರ ಅಪ್ಪ ಅಮ್ಮ ಫೋನು ನೋಡಿದರೂ ಅರ್ಥವಾಗದಿರಲಿ ಎಂದು ವೇಪಿಗೆ ಅವಲಕ್ಕಿ ಎಂಬ ಗುಟ್ಟಿನ ಹೆಸರನ್ನು ತಮಾಷೆಗೆ ಕಲಿಸಿದವಳು ಇವಳೇ. ಈಗಲೂ ಬ್ಯಾಗಿನಲ್ಲಿ ಆರು ವೇಪ್ ಇದ್ದವು, ಆರು ಗಂಟೆಗೆ ಸ್ಯಾಂಟ್ರಿ ಎಂಬ ಕಡೆಗೆ ಮುಟ್ಟಿಸಬೇಕಿತ್ತು.

ಮುದುಕಿಯ ಕೈಚೀಲ ಹೋದ ದಿನ ಎಲ್ಲಿದ್ದೆ ಎಂದು ಕೇಳಿದೆ. ನೆಲ ನೋಡಿದಳು.

"ಅಮ್ಮಂಗೆ ಹೇಳ್ಬೇಡಿ ತಾತ. ವೀಸಾ ಹೋಗತ್ತೆ, ಎಲ್ಲರನ್ನೂ ವಾಪಸ್ ಕಳಿಸ್ತಾರೆ."

ಹಾಗೆಂದವರು ಯಾರು ಎಂದರೆ, ಕಿಲಿಯನ್.

ರಜನಿಗೆ ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ಕಾಯುತ್ತ ಕುಳಿತರೆ ಆರು ಗಂಟೆಯಾಗುತ್ತದೆ. ಪ್ರೇರಣಾಗೆ ಜಾಕೆಟ್ ಹಾಕಿಸಿ, ಬ್ಯಾಗ್ ಹೊರಿಸಿ, ಗಾರ್ಡಾ ಸ್ಟೇಷನ್ನಿಗೆ, ಅಂದರೆ ಇಲ್ಲಿನ ಪೊಲೀಸರ ಬಳಿಗೆ ಕರೆದುಕೊಂಡು ಹೋದೆ.

"ನಂಗೆ ಇಂಗ್ಲಿಷ್ ಬರಲ್ಲ. ನಾನು ಹೇಳಿದ್ದನ್ನ ನೀನು ಹೇಳು" ಎಂದೆ.

ಗಾಜಿನ ಹಿಂದೆ ಚಿಕ್ಕ ವಯಸ್ಸಿನ ಪೊಲೀಸ್ ಹೆಂಗಸು. ನಾನು ಒಂದೂ ಬಿಡದೆ ಹೇಳಿದೆ. ಪ್ರೇರಣಾ ತಿರುಗಿ ನಾಲ್ಕೇ ಮಾತು ಆಡಿದಳು. ಆ ಹೆಂಗಸು ನನ್ನನ್ನು ನೋಡಿ ಮರುಕದಿಂದ ನಕ್ಕು ಒಂದು ಫಾರಂ ಮುಂದೆ ತಳ್ಳಿದಳು. ಪ್ರೇರಣಾ ಆಡಿದ್ದರಲ್ಲಿ ಲಾಸ್ಟ್, ಅಂದರೆ ಕಳೆದುಹೋಯಿತು, ಎಂಬ ಮಾತು ನನಗೆ ಗೊತ್ತು. ಬಸ್ ಎಂಬುದೂ ಗೊತ್ತು.

"ಬಸ್ ಕಾರ್ಡ್ ಕಳೆದೋಯ್ತು ಅಂದ್ಯಾ?"

ಅವಳ ಹೆಗಲಿನಿಂದ ಬ್ಯಾಗ್ ತೆಗೆದು, ಕೌಂಟರಿನ ಮೇಲಿಟ್ಟು ಜಿಪ್ ಎಳೆದೆ. ಆ ಹೆಂಗಸಿನ ನಗು ಆರಿತು. ಬಾಗಿಲು ತೆರೆದು ನಮ್ಮಿಬ್ಬರನ್ನೂ ಒಳಗೆ ಕೂರಿಸಿದಳು.

"ನನ್ನ ಜೈಲಿಗೆ ಹಾಕ್ತಾರೆ, ತಾತ."

"ಗೊತ್ತಿಲ್ಲ ಮಗಾ. ನಾನಂತೂ ಇಲ್ಲೇ ಕೂತಿರ್ತೀನಿ."

ಅವಳು ಇಂಗ್ಲಿಷಿನಲ್ಲಿ ಶುರು ಮಾಡಿದಳು. ನಾನು ಅವಳ ಬಾಯಿ ನೋಡಲಿಲ್ಲ, ಬರೆಯುವ ಪೆನ್ನು ನೋಡುತ್ತಿದ್ದೆ. ಪೆನ್ನು ನಿಂತಾಗ, "ಇನ್ನೂ ಐತೆ, ಹೇಳು" ಎಂದೆ. ಸ್ವಲ್ಪ ಓಡಿ ಮತ್ತೆ ನಿಂತಿತು. ಮತ್ತೆ ಅಂದೆ. ಮೂರನೇ ಸಲ ಅವಳು ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಆ ಮುದುಕಿ ಕೈಚೀಲ ಬಿಡದೆ ಹಿಡಿದ ಹಾಗೆ ಎದೆಗೆ ಕೈ ಅವಚಿ ತೋರಿಸಿ, ಏನೋ ಹೇಳಿದಳು. ಪೆನ್ನು ಬಹಳ ಹೊತ್ತು ಓಡಿತು.