ಎರಡನೇ ಸಾಲಿನ ಕ್ಲಾರಿನೆಟ್

ಮಕ್ಕಳನ್ನು ಶಾಲೆಯ ಬ್ಯಾಂಡಿಗೆ ಸೇರಿಸುವ ಮುನ್ನ ಪೋಷಕರಿಗೆ ಏನೇನು ಗೊತ್ತಿರಬೇಕೆಂದು ನಾಲ್ಕು ಪುಟ ಅಚ್ಚು ಹಾಕಿಸಿ ಹಂಚಿದ್ದರು. ನಾನು ಒಂದಕ್ಷರ ಬಿಡದೆ ಓದಿದೆ. ಬೂಟಿನ ಪಾಲಿಶ್ ಹೇಗಿರಬೇಕು, ಉಗುರು ಎಷ್ಟಿರಬೇಕು, ಟೋಪಿಯ ಗರಿ ಯಾವ ಕಡೆಗೆ ಬಾಗಿರಬೇಕು, ಎಲ್ಲ ಇತ್ತು. ವಾದ್ಯ ನುಡಿಸುವ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಆದರೆ ಆ ಟೋಪಿಯಲ್ಲಿ ನನ್ನ ಮಗಳು ಹೇಗೆ ಕಾಣಬಹುದೆಂದು ಯೋಚಿಸುವುದರಲ್ಲೇ ನಾನು ಮುಳುಗಿದ್ದೆ.

ಬ್ಯಾಂಡಿಗೆ ಸೇರಿಸಲು ಕರೆದ ಸಭೆಗೆ ಬಂದಿದ್ದ ಅಪ್ಪ ಅಮ್ಮಂದಿರನ್ನು ನೀವು ನೋಡಬೇಕಿತ್ತು. ಟ್ರಂಪೆಟ್ ಊದಿದರೆ ಹಲ್ಲು ಮುಂದಕ್ಕೆ ಬರುತ್ತದೆಯೇ ಎಂದು ಒಬ್ಬರು ಕೇಳಿದರು. ಅವರು ಸ್ವತಃ ಹಲ್ಲಿನ ಡಾಕ್ಟರು. ವಕೀಲಿಕೆ ಮಾಡುವ ಒಬ್ಬ ತಾಯಿಗೆ, ಬ್ಯಾಂಡಿನಲ್ಲಿದ್ದರೆ ಪರೀಕ್ಷೆಯಲ್ಲಿ ಎಷ್ಟು ಅಂಕ ಹೆಚ್ಚಿಗೆ ಕೊಡುತ್ತಾರೆ ಎನ್ನುವುದೇ ಚಿಂತೆ. ಅರ್ಧ ಸಭೆಗೆ ಸ್ಯಾಕ್ಸೊಫೋನೇ ಬೇಕು, ಹೊಳೆಯುತ್ತದಲ್ಲ. ದೊಡ್ಡ ಡ್ರಮ್ಮು ಯಾರಿಗೂ ಬೇಡ, ಹೊತ್ತವರ ಮುಖ ಫೋಟೋದಲ್ಲಿ ಕಾಣುವುದಿಲ್ಲ. ನನ್ನ ಮಗಳು ಕ್ಲಾರಿನೆಟ್ ಬೇಕೆಂದಳು. ಯಾಕೆಂದು ಕೇಳಿದ್ದಕ್ಕೆ "ಅದರ ದನಿ ಇಷ್ಟ" ಎಂದಳು. ಇಡೀ ಸಭೆಯಲ್ಲಿ ದನಿಯ ಮಾತೆತ್ತಿದ್ದು ಆ ಹನ್ನೊಂದು ವರ್ಷದವಳೊಬ್ಬಳೇ.

"ವಾದ್ಯ ಮನೆಗೆ ಕಳಿಸಲ್ಲ. ಅಭ್ಯಾಸದ ಹೊತ್ತಲ್ಲಿ ಪೋಷಕರು ಬಂದು ಇಣುಕಬಾರದು. ಶಿಸ್ತು ಮುಖ್ಯ," ಎಂದರು ಬ್ಯಾಂಡ್ ಮಾಸ್ತರು. ನಾವೆಲ್ಲ ದೊಡ್ಡ ವಿಷಯ ಅರ್ಥವಾದವರ ಹಾಗೆ ತಲೆಯಾಡಿಸಿದೆವು.

ನಾನು ಗ್ಯಾರೇಜಿನವನು. ಗಾಡಿ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಕೆಟ್ಟುಹೋಗಿರುವುದು ಬೇರಿಂಗೋ ವಾಲ್ವೋ ಎಂದು ಹೇಳಬಲ್ಲೆ. ನನ್ನ ಕಿವಿಯ ಬಗ್ಗೆ ನನಗೆ ಇದ್ದ ಜಂಬ ಅಷ್ಟಿಷ್ಟಲ್ಲ. ಹಾಗಾಗಿ ಏಳು ತಿಂಗಳ ನಂತರ ಶಾಲೆಯ ಕ್ರೀಡಾದಿನಕ್ಕೆ ಬ್ಯಾಂಡು ಮೈದಾನಕ್ಕೆ ಇಳಿದಾಗ ಎಲ್ಲರೂ ಫೋನು ಎತ್ತಿ ಹಿಡಿದರೆ ನಾನು ಕಣ್ಣು ಮುಚ್ಚಿ ಕೂತೆ. ನಲವತ್ತು ಮಕ್ಕಳು, ನಾಲ್ಕು ಸಾಲು. ಮಗಳು ಎರಡನೇ ಸಾಲಿನಲ್ಲಿ ಎಡಗಡೆಯಿಂದ ಮೂರನೆಯವಳು.

"ಕೇಳು, ಅದು ನಮ್ಮವಳದ್ದು," ಎಂದೆ ಹೆಂಡತಿಗೆ.

"ಈ ಗದ್ದಲದಲ್ಲಿ ನಿಮಗೆ ಹೇಗೆ ಗೊತ್ತಾಗುತ್ತೆ?"

"ಕಿವಿ ಇದ್ದೋರಿಗೆ ಗೊತ್ತಾಗುತ್ತೆ."

ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರು ನನ್ನನ್ನು ಮೆಚ್ಚಿ ನೋಡಿದರು. ಅವರ ಮಗನ ಟ್ರಂಪೆಟ್ಟೂ ಅವರಿಗೆ ಬೇರೆಯಾಗಿಯೇ ಕೇಳಿಸುತ್ತಿತ್ತಂತೆ. ಹೊರಡುವಾಗ ಗೇಟಿನ ಹತ್ತಿರ ಅಭಿಪ್ರಾಯ ಬರೆದುಕೊಡಲು ಒಂದೊಂದು ಫಾರಂ ಕೊಟ್ಟರು. ನಾನು ಪಕ್ಕದವರ ಬೆನ್ನ ಮೇಲಿಟ್ಟು ಬರೆದೆ: 'ನನ್ನ ಮಗಳ ಕ್ಲಾರಿನೆಟ್ ಸ್ಪಷ್ಟವಾಗಿ ಕೇಳಿಸಿತು. ಏಳು ತಿಂಗಳಲ್ಲಿ ಇಷ್ಟು ಪ್ರಗತಿ ನಿರೀಕ್ಷಿಸಿರಲಿಲ್ಲ.'

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಮಗಳು ಟೋಪಿ ಹಿಡಿದು ಬಂದಳು. ನಾಲ್ಕು ಜನರಿಗೆ ಕೇಳುವ ಹಾಗೆ "ಚೆನ್ನಾಗಿತ್ತು ಪುಟ್ಟಿ, ಕೊನೆಗೆ ಮಾತ್ರ ಒಂಚೂರು ಎಳೆದೆ ಅಲ್ವಾ?" ಎಂದೆ. ತಿಳಿದವನು ಹೇಳಿದರೆ ಹೀಗೆಯೇ ಹೇಳಬೇಕು, ಹೊಗಳಿ ಒಂದು ಕುಂದು ಹುಡುಕಬೇಕು. ಅವಳು ನನ್ನ ಮುಖವನ್ನೇ ನೋಡಿದಳು.

ಮನೆಗೆ ಬಂದ ಮೇಲೆ ಊಟಕ್ಕೆ ಕರೆದರೆ ಬರಲಿಲ್ಲ. ನನ್ನವಳು ಒಳಗೆ ಹೋಗಿ ಸುಮಾರು ಹೊತ್ತಿನ ಮೇಲೆ ಅವಳ ಕೈ ಹಿಡಿದು ಕರೆತಂದಳು.

"ಹೇಳು, ನಿಮ್ಮಪ್ಪಂಗೆ ನೀನೇ ಹೇಳು."

"ಅಪ್ಪ, ನನ್ನ ಕ್ಲಾರಿನೆಟ್ಟಲ್ಲಿ ರೀಡ್ ಇಲ್ಲ."

ರೀಡ್ ಎಂದರೆ ಏನೆಂದು ಆಗ ಈ ಮಹಾ ಕಿವಿಯವನಿಗೆ ಗೊತ್ತಿರಲಿಲ್ಲ. ಅವಳೇ ಹೇಳಿಕೊಟ್ಟಳು. ಬಾಯಿಗೆ ಇಟ್ಟುಕೊಳ್ಳುವ ತುದಿಗೆ ಬೆರಳುದ್ದದ ತೆಳ್ಳನೆಯ ಜೊಂಡಿನ ಪಟ್ಟಿ ಬಿಗಿಯುತ್ತಾರೆ. ದನಿ ಹುಟ್ಟುವುದೇ ಅದರಿಂದ. ಅದಿಲ್ಲದೆ ಎಷ್ಟು ಊದಿದರೂ ಬರಿ ಗಾಳಿ. ಮಾಸ್ತರು ಹದಿನಾಲ್ಕು ಮಕ್ಕಳ ವಾದ್ಯದ ಬಾಯಿ ಕಟ್ಟಿಬಿಟ್ಟಿದ್ದರು. ಕೆಲವುಗಳ ರೀಡ್ ತೆಗೆದಿದ್ದರು, ಟ್ರಂಪೆಟ್ಟುಗಳಿಗೆ ಹಳೇ ಟವೆಲ್ಲು ತುರುಕಿದ್ದರು. ಕೆನ್ನೆ ಉಬ್ಬಿಸಿ, ಬೆರಳು ಆಡಿಸುತ್ತಾ ಹೆಜ್ಜೆ ಹಾಕುವುದಷ್ಟೇ ಅವರ ಕೆಲಸ. ಮನೆಯಲ್ಲಿ ಹೇಳಿದವರನ್ನು ಬ್ಯಾಂಡಿನಿಂದ ತೆಗೆಯುತ್ತೇನೆಂದು ಹೆದರಿಸಿದ್ದರು.

"ನೀವು ಕೇಳಿಸ್ತು ಅಂದ್ರಲ್ಲ," ಎಂದು ಅವಳು ಅತ್ತಳು. "ನಾನು ಒಂದು ಸಲಾನೂ ಊದಿಲ್ಲ ಅಪ್ಪ."

ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಮರುದಿನ ಗ್ಯಾರೇಜಿನ ಬಾಗಿಲೂ ತೆಗೆಯದೆ ಶಾಲೆಗೆ ಹೋದೆ.

ಮಾಸ್ತರು ಟೋಪಿಗಳ ಗರಿ ಬಾಚುತ್ತಿದ್ದರು. ನಾನು ಕೂಗಾಡಿದ್ದನ್ನು ಹವಾಮಾನ ವರದಿ ಕೇಳುವವರ ಹಾಗೆ ಕೇಳಿದರು.

"ಸಾಲು ತುಂಬಬೇಕಲ್ಲ ಸಾರ್. ನಲವತ್ತು ಟೋಪಿ ಇದೆ, ನಲವತ್ತು ತಲೆ ಬೇಕು. ಪರೀಕ್ಷೇಲಿ ಸರಿಯಾಗಿ ನುಡಿಸಿದೋರಿಗೆ ರೀಡ್ ಕೊಡ್ತೀನಿ."

"ರೀಡೇ ಇಲ್ಲದೆ ಹೇಗೆ ನುಡಿಸ್ತಾಳೆ?"

"ಅದಕ್ಕೇ ಇನ್ನೂ ಪಾಸಾಗಿಲ್ಲ."

ಇಂಥ ತಲೆಬುಡವಿಲ್ಲದ ಮಾತನ್ನು ಅಷ್ಟು ತಣ್ಣಗೆ ಹೇಳಲು ಎಷ್ಟು ವರ್ಷದ ಅಭ್ಯಾಸ ಬೇಕೋ. ದೂರು ಕೊಡುತ್ತೇನೆಂದೆ. ಅವರು ಕಪಾಟಿನಿಂದ ಒಂದು ಫೈಲು ತೆಗೆದು ನನ್ನ ಮುಂದೆ ಸರಿಸಿದರು. ಒಳಗೆ ನನ್ನದೇ ಕೈಬರಹ. 'ಸ್ಪಷ್ಟವಾಗಿ ಕೇಳಿಸಿತು.'

"ನೀವೊಬ್ಬರೇ ಅಲ್ಲ," ಎಂದರು. "ಹದಿನಾಲ್ಕು ಮನೆಯೋರೂ ಬರೆದಿದ್ದಾರೆ. ಡಾಕ್ಟರು ಬರೆದಿದ್ದು ನೋಡಿ, ಮಗನ ಟ್ರಂಪೆಟ್ ಕೇಳಿ ಕಣ್ಣಲ್ಲಿ ನೀರು ಬಂತಂತೆ. ಟವೆಲ್ ನಾನೇ ತುರುಕಿದ್ದೆ. ನಿಮಗೆ ಬೇಕಾಗಿದ್ದು ನಿಮಗೆ ಸಿಕ್ಕಿದೆ ಸಾರ್, ನನಗ್ಯಾಕೆ ಬೈತೀರಿ?"

ಆ ಮನುಷ್ಯನ ಮೇಲೆ ಇದ್ದ ತಿರಸ್ಕಾರದಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಪಾಲಿಗೇ ಬಂತು. ಅವರ ಪೆನ್ನನ್ನೇ ತೆಗೆದುಕೊಂಡು ನಾನು ಬರೆದದ್ದನ್ನು ಹೊಡೆದುಹಾಕಿ, ಕೆಳಗೆ 'ಏನೂ ಕೇಳಿಸಲಿಲ್ಲ. ಸುಳ್ಳು ಬರೆದಿದ್ದೆ' ಎಂದು ಬರೆದು ಸಹಿ ಮಾಡಿ, ಹಾಳೆಯನ್ನು ಜೇಬಿಗೆ ಹಾಕಿಕೊಂಡೆ. ರೀಡ್ ಕೊಡದಿದ್ದರೆ ಶನಿವಾರ ಹೊಸ ಪೋಷಕರ ಸಭೆಯಲ್ಲಿ ಇದನ್ನು ಓದುತ್ತೇನೆ ಎಂದೆ.

"ಓದಿ ಸಾರ್," ಎಂದರು ಅವರು, ಗರಿ ಬಾಚುತ್ತಾ. "ಯಾರು ಕೇಳ್ತಾರೆ?"

ಶನಿವಾರ ಓದಿದೆ. ಹದಿನಾಲ್ಕು ಮಕ್ಕಳ ಲೆಕ್ಕ, ರೀಡು, ಟವೆಲ್ಲು, ನಾನು ಕಣ್ಣು ಮುಚ್ಚಿ ಕೂತಿದ್ದು, ಒಂದನ್ನೂ ಮುಚ್ಚಿಡಲಿಲ್ಲ. ಹೊಸಬರು ಸೌಜನ್ಯದಿಂದ ಕೇಳಿಸಿಕೊಂಡರು. ಮುಂದಿನ ಸಾಲಿನ ತಾಯಿಯೊಬ್ಬರು ಮಗನ ತಲೆ ಸವರಿ, "ಪಾಪ, ಅವರ ಹುಡುಗಿಗೆ ಬರಲ್ಲ ಅನಿಸುತ್ತೆ," ಎಂದರು. ಹಿಂದಿನಿಂದ ಒಬ್ಬರು ಎದ್ದು ಸ್ಯಾಕ್ಸೊಫೋನ್ ಎಷ್ಟು ಉಳಿದಿವೆ ಎಂದು ಕೇಳಿದರು. ಹಲ್ಲಿನ ಡಾಕ್ಟರು ಬಾಗಿಲಲ್ಲೇ ನನ್ನನ್ನು ತಡೆದು, ತಮ್ಮ ಮಗನ ವಿಷಯದಲ್ಲಿ ಹಾಗೇನೂ ಆಗಿಲ್ಲ, ತಾವು ಕಿವಿಯಾರೆ ಕೇಳಿದ್ದೇವೆ ಎಂದು ಬಿಗುವಾಗಿ ಹೇಳಿದರು. ಟೇಬಲ್ಲಿನ ಮುಂದೆ ಹೆಸರು ಕೊಡುವವರ ಸಾಲು ಬೆಳೆದಿತ್ತು.

ಹೊಸಬರಿಗೆ ತೋರಿಸಲೆಂದು ಬ್ಯಾಂಡಿನ ಮಕ್ಕಳನ್ನು ಗೋಡೆಯುದ್ದಕ್ಕೂ ನಿಲ್ಲಿಸಿದ್ದರು. ನನ್ನ ಮಗಳು ಸಾಲು ಬಿಟ್ಟು ಬಂದಳು. ಸಭೆ ಅಷ್ಟಕ್ಕೆ ಸುಮ್ಮನಾಯಿತು. ನಾನು ಮಾತಾಡುವಾಗ ಇಷ್ಟು ಸುಮ್ಮನಿರಲಿಲ್ಲ. ಅವಳು ಟೋಪಿ ತೆಗೆದು ಮಾಸ್ತರ ಟೇಬಲ್ಲಿನ ಮೇಲಿಟ್ಟಳು.

"ಟೋಪಿ ಬೇಡ ಸಾರ್. ರೀಡ್ ಕೊಡಿ."

"ಟೋಪಿ ಇಲ್ಲದೆ ಮೈದಾನಕ್ಕೆ ಇಳಿಯೋ ಹಾಗಿಲ್ಲ," ಎಂದರು ಅವರು.

"ಇಳಿಯಲ್ಲ."

ಐವತ್ತು ಜನ ನೋಡುತ್ತಿದ್ದರು. ಮಾಸ್ತರು ಡ್ರಾಯರ್ ಎಳೆದು, ಒಂದು ಪುಟ್ಟ ಪೆಟ್ಟಿಗೆಯಲ್ಲಿ ಬೆರಳಾಡಿಸಿ, ಒಂದು ಪಟ್ಟಿ ತೆಗೆದು ಅವಳ ಕೈಗೆ ಹಾಕಿದರು. ಆ ಟೋಪಿ ಆ ಹೊತ್ತಿಗೇ ಬೇರೊಬ್ಬ ಹುಡುಗನ ತಲೆಯ ಅಳತೆ ನೋಡಲು ಹೋಯಿತು. ಆ ಹುಡುಗನ ಅಪ್ಪ ಫೋನು ಎತ್ತಿ ಹಿಡಿದಿದ್ದ.

ಸೋಮವಾರ ಶಾಲೆ ಬಿಟ್ಟ ಮೇಲೆ ಅವಳನ್ನು ಕರೆತರಲು ಹೋದೆ. ಬ್ಯಾಂಡು ಹೊರಗೆ ಹೆಜ್ಜೆ ಹಾಕುತ್ತಿತ್ತು. ಇವಳು ಮುರಿದ ಬೆಂಚುಗಳನ್ನು ಒಟ್ಟಿದ್ದ ಕೋಣೆಯಲ್ಲಿ ಒಬ್ಬಳೇ ಕೂತು, ತುಟಿ ಕೆಂಪಾಗುವಷ್ಟು ಊದುತ್ತಿದ್ದಳು. ಮೊದಲು ಗಾಳಿ ಬಂತು, ಮತ್ತೂ ಗಾಳಿ. ಆಮೇಲೆ ತುಕ್ಕು ಹಿಡಿದ ಬಾಗಿಲು ಕಿರುಗುಟ್ಟಿದಂಥ ಒಂದು ದನಿ ಹೊರಟು, ನಡುಗಿ, ನಿಂತಿತು. ಅವಳು ತಿರುಗಿ ನನ್ನನ್ನು ನೋಡಿದಳು.

"ಕೇಳಿಸ್ತಾ ಅಪ್ಪ?"

"ಕೇಳಿಸ್ತು," ಎಂದೆ. "ಭಾಳ ಕೆಟ್ಟದಾಗಿತ್ತು."

ಏಳು ತಿಂಗಳಲ್ಲಿ ನಾನು ಕಾಣದಿದ್ದ ನಗು ಅವಳ ಮುಖದ ತುಂಬ ಹರಡಿತು.

"ಹೂಂ," ಎಂದಳು. "ನಾನೇ ಊದಿದ್ದು."